ಹಾವು-ಏಣಿ ಪಟ: ಅಕ್ಷರ ಕಳೆದುಕೊಂಡ ಒಂದು ಬರಹ

ಹಾವು-ಏಣಿ ಆಟವನ್ನು 13ನೇ ಶತಮಾನದಲ್ಲಿ ಸಂತ ಜ್ಞಾನೇಶ್ವರರು ರಚಿಸಿದರು, ಆಮೇಲೆ ಬ್ರಿಟಿಷರು ಹೊತ್ತೊಯ್ದರು ಅನ್ನೋ ಸಂದೇಶ ನಿಮಗೂ ವಾಟ್ಸಾಪಿನಲ್ಲಿ ಬಂದಿರುತ್ತೆ. ಆಟ ನಮ್ಮ ಕಡೆಯದು ಅನ್ನೋದು ನಿಜ. ಆದರೆ ಜ್ಞಾನೇಶ್ವರರ ಹೆಸರಿಗೆ ಸಮಕಾಲೀನ ಆಧಾರ ಸಿಕ್ಕಿಲ್ಲ. ಉಳಿದುಬಂದಿರುವ ಹಳೆಯ ಪಟಗಳು ಬಹುಪಾಲು 18 ಮತ್ತು 19ನೇ ಶತಮಾನದವು.

ಶಾಸನ ಓದುವವರಿಗೆ ಈ ತೊಡಕು ಹೊಸದೇನಲ್ಲ. ತಾಮ್ರಪಟದಲ್ಲಿ ಗಂಗರಾಜನ ಹೆಸರಿದ್ದ ಮಾತ್ರಕ್ಕೆ ಅದು ಅವನ ಕಾಲದ್ದಾಗಿಬಿಡಲ್ಲ. ಲಿಪಿ ಬೇರೆ ಕಾಲ ಹೇಳಿದರೆ ಕೂಟಶಾಸನ ಅಂತೀವಿ. ಹಾವು-ಏಣಿ ಪಟಕ್ಕೂ ಇದೇ ಪರೀಕ್ಷೆ ಸಾಕು, ಯಾಕಂದ್ರೆ ಮೂಲದಲ್ಲಿ ಅದೂ ಒಂದು ಬರಹವೇ.

ಉತ್ತರದಲ್ಲಿ ಜ್ಞಾನ ಚೌಪಡ್, ಮಹಾರಾಷ್ಟ್ರದಲ್ಲಿ ಮೋಕ್ಷಪಟ, ತೆಲುಗಿನವರಿಗೆ ವೈಕುಂಠಪಾಳಿ, ನಮ್ಮ ಕಡೆ ಪರಮಪದ ಸೋಪಾನ. ವೈಷ್ಣವ ಪಟದಲ್ಲಿ ಸಾಮಾನ್ಯವಾಗಿ 72 ಮನೆ, ಜೈನ ಪಟದಲ್ಲಿ 84. ಸೂಫಿಗಳ ಪಟಗಳೂ ಇವೆ. ಪ್ರತಿ ಮನೆಯಲ್ಲೂ ಒಂದು ಹೆಸರು: ಕ್ರೋಧ, ಲೋಭ, ದಯೆ, ದಾನ, ಮೇಲುಗಡೆ ಲೋಕಗಳು.

72 ಮನೆಯ ಪಟದ ಪ್ರಚಲಿತ ಪಾಠ ನೋಡಿ. 54ನೇ ಮನೆ ಭಕ್ತಿ. ಅಲ್ಲಿಂದ ಏಣಿ ನೇರ 68ಕ್ಕೆ, ವೈಕುಂಠಕ್ಕೆ. ಪಕ್ಕದ 55ನೇ ಮನೆ ಅಹಂಕಾರ. ಅಲ್ಲಿನ ಹಾವು 3ನೇ ಮನೆಗೆ, ಕ್ರೋಧಕ್ಕೆ ಇಳಿಸುತ್ತೆ. ಒಂದೇ ಒಂದು ಕವಡೆ ಹೆಚ್ಚು ಬಿತ್ತು ಅಂದ್ರೆ ಭಕ್ತಿ ದಾಟಿ ಅಹಂಕಾರದಲ್ಲಿ ಕೂತಿರ್ತೀರಿ. ಇಷ್ಟು ಹೇಳೋಕೆ ಪ್ರವಚನಕಾರರಿಗೆ ಒಂದು ಗಂಟೆ ಬೇಕು. ಪಟ ಅದನ್ನು ಎರಡು ಮನೆಯಲ್ಲಿ ಹೇಳಿ ಮುಗಿಸಿದೆ.

ಓದುವ ದಿಕ್ಕೂ ಗಮನಿಸಿ. ಕೆಳಗಿನ ಸಾಲು ಎಡದಿಂದ ಬಲಕ್ಕೆ, ಅದರ ಮೇಲಿನದು ಬಲದಿಂದ ಎಡಕ್ಕೆ. ಎತ್ತು ಉಳುತ್ತಾ ಹೊಲದ ತುದಿಯಲ್ಲಿ ತಿರುಗಿ ಬರುವ ಹಾಗೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅಶೋಕನ ಕಿರುಬಂಡೆ ಶಾಸನದ ಕೆಲವು ಸಾಲುಗಳು ಹೀಗೇ ತಿರುಗಿವೆ. ಎರಡಕ್ಕೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಓದುವ ಕ್ರಮ ಒಂದೇ ಅಷ್ಟೆ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಪಟದಾಟಗಳನ್ನು ಶಾಸ್ತ್ರದಷ್ಟೇ ಗಂಭೀರವಾಗಿ ತಗೊಂಡಿದ್ರು. ಶ್ರೀತತ್ತ್ವನಿಧಿಯ ಒಂಬತ್ತನೇ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೂ ಜಾಗ ಇದೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಅವರ ಕಾಲದ ಆಟದ ಪಟಗಳಿವೆ.

ಅತ್ತ 1831ರಲ್ಲಿ ಮೇಜರ್ ಹೆನ್ರಿ ಡಂಡಾಸ್ ರಾಬರ್ಟ್‌ಸನ್ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಗೆ ಒಂದು ಪಟ ಕೊಟ್ಟ. ಸೊಸೈಟಿಯ ಸಂಗ್ರಹದಲ್ಲಿ ಅದು ಇಂದಿಗೂ ಇದೆ. 1890ರ ದಶಕದ ಹೊತ್ತಿಗೆ ಆಟ ಇಂಗ್ಲೆಂಡಿನ ಮನೆಗಳಿಗೆ ಬಂತು. ಅಲ್ಲಿ ಮೋಕ್ಷ ಹೋಗಿ ಯಶಸ್ಸು ಬಂತು. ಮಿತವ್ಯಯಕ್ಕೆ ಏಣಿ, ಸೋಮಾರಿತನಕ್ಕೆ ಹಾವು. 1943ರಲ್ಲಿ ಅಮೆರಿಕದ ಮಿಲ್ಟನ್ ಬ್ರಾಡ್ಲಿ ಕಂಪನಿ ಹಾವನ್ನೂ ತೆಗೆದು ಜಾರುಬಂಡೆ ಹಾಕಿತು. ಕೊನೆಗೆ ನಮ್ಮ ಅಂಗಡಿಗಳಲ್ಲಿ ಸಿಗೋ ಪಟದಲ್ಲಿ ಉಳಿದದ್ದು ಒಂದರಿಂದ ನೂರರವರೆಗಿನ ಅಂಕಿ ಮಾತ್ರ.

ಇಂಜಿನಿಯರ್ ಭಾಷೆಯಲ್ಲಿ ಹೇಳೋದಾದ್ರೆ ಯಂತ್ರ ಹಾಗೇ ಇದೆ, ಅದು ಯಾವ ಕೆಲಸಕ್ಕೆ ಅನ್ನೋ ಫಲಕ ಮಾತ್ರ ಕಳಚಿ ಬಿದ್ದಿದೆ. ಆ ಖಾಲಿ ಜಾಗದಲ್ಲಿ ಈಗ ವಾಟ್ಸಾಪ್ ತನಗೆ ತೋಚಿದ್ದನ್ನ ಬರೀತಿದೆ. ಅದಕ್ಕೆ ಉತ್ತರ ವಾದ ಅಲ್ಲ, ಹಳೆಯ ಪಟಗಳ ಓದು. ಆಂಡ್ರ್ಯೂ ಟಾಪ್ಸ್‌ಫೀಲ್ಡ್ 1985ರಲ್ಲಿ ಪ್ರಕಟಿಸಿದ ಅಧ್ಯಯನ ಆ ದಾರಿ ತೋರಿಸಿದೆ. ಕನ್ನಡ ಅಕ್ಷರದ ಪಟಗಳನ್ನು ಹುಡುಕಿ ಓದಬೇಕಾದವರು ನಾವೇ.

ಕಲ್ಲು ಮಳೆ ತಡೆಯುತ್ತೆ, ಕಾಗದ, ಬಟ್ಟೆ ತಡೆಯಲ್ಲ. ನಿಮ್ಮ ಮನೆಯ ಅಟ್ಟದಲ್ಲಿ, ಮಠದಲ್ಲಿ, ಬಸದಿಯಲ್ಲಿ ಹಳೆಯ ಪರಮಪದ ಪಟ ಇದ್ದರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಹಗಲು ಬೆಳಕಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೀರಿ. ಒಟ್ಟು ಮನೆ ಎಷ್ಟು, ಅಂಕಿ ಕನ್ನಡದ್ದೋ ನಾಗರಿಯದ್ದೋ, ಅಂಚಿನಲ್ಲಿ ಅಚ್ಚುಕೂಟದ ಹೆಸರಿದೆಯೋ ನೋಡಿ. ಪ್ರತಿ ಮನೆಯ ಹೆಸರನ್ನೂ ತಪ್ಪಿದ್ದರೂ ತಿದ್ದದೆ, ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ. ಶಾಸನಕ್ಕೆ ನಾವು ಮಾಡೋದೂ ಅದನ್ನೇ.