ಸೋಡಾ ಕಾರ್ಖಾನೆಯ ಹೊಗೆ

ಚೌಳುಮಣ್ಣಿನ ನೀರಿನಲ್ಲಿ ಅಗಸರು ಬಟ್ಟೆ ಬೇಯಿಸುತ್ತಿದ್ದ ಕಾಲವನ್ನು ಕಂಡವರು ನಮ್ಮ ನಗರಗಳಲ್ಲಿ ಈಗ ಬಹಳ ಮಂದಿ ಇರಲಾರರು. ಆ ಚೌಳಿನ ಸತ್ತ್ವವೇ ಸೋಡಾ. ಸಾಬೂನಿಗೆ ಅದು ಬೇಕು, ಗಾಜಿಗೆ ಬೇಕು, ಕಾಗದಕ್ಕೂ ಬೇಕು. ಹದಿನೆಂಟನೆಯ ಶತಮಾನದ ಯೂರೋಪಿನವರು ಅದನ್ನು ಸ್ಪೇನಿನ ಕಡಲತಡಿಯ ಗಿಡಗಳನ್ನೂ ಸ್ಕಾಟ್‌ಲೆಂಡಿನ ಕಡಲಕಳೆಯನ್ನೂ ಸುಟ್ಟ ಬೂದಿಯಿಂದ ಪಡೆಯುತ್ತಿದ್ದರು. ಗಿರಣಿಗಳು ಬೆಳೆದಂತೆ ಬೂದಿ ಸಾಲದಾಯಿತು. ಅಡಿಗೆಯ ಉಪ್ಪಿನಿಂದಲೇ ಸೋಡಾ ತೆಗೆಯುವ ಕ್ರಮವನ್ನು ಕಂಡುಕೊಂಡು 1791ರಲ್ಲಿ ಪೇಟೆಂಟು ಪಡೆದವನು ಫ್ರಾನ್ಸಿನ ವೈದ್ಯ ನಿಕೊಲಾ ಲೆಬ್ಲಾಂಕ್. ಪಾಪ, ಅವನಿಗೆ ಅದರಿಂದ ಏನೂ ದಕ್ಕಲಿಲ್ಲ. ಬಂಡವಾಳ ಕೊಟ್ಟಿದ್ದ ಆರ್ಲಿಯನ್ಸಿನ ಡ್ಯೂಕನ ತಲೆ 1793ರ ಕ್ರಾಂತಿಯಲ್ಲಿ ಉರುಳಿತು. ಕಾರ್ಖಾನೆ ಸರ್ಕಾರದ ವಶವಾಯಿತು. 1806ರಲ್ಲಿ ಲೆಬ್ಲಾಂಕ್ ಆತ್ಮಹತ್ಯೆ ಮಾಡಿಕೊಂಡ. ಅವನ ವಿದ್ಯೆಯಿಂದ ಐಶ್ವರ್ಯ ಗಳಿಸಿದವರು ಇಂಗ್ಲೆಂಡಿನ ವ್ಯಾಪಾರಿಗಳು.

ಇಂಗ್ಲೆಂಡಿನಲ್ಲಿ ಉಪ್ಪಿನ ಮೇಲಣ ಕರ 1825ರ ಹೊತ್ತಿಗೆ ಪೂರ್ತಿಯಾಗಿ ಹೋಯಿತು. (ಅದೇ ಇಂಗ್ಲಿಷರು ಆ ಕರವನ್ನು ನಮ್ಮ ದೇಶದಲ್ಲಿ ಬಿಡದೆ ಉಳಿಸಿಕೊಂಡದ್ದೂ, 1930ರಲ್ಲಿ ಅಂಕೋಲೆಯ ಜನ ಅದಕ್ಕಾಗಿ ಸತ್ಯಾಗ್ರಹಕ್ಕೆ ಇಳಿದದ್ದೂ ಬೇರೆಯ ಕಥೆ.) ಉಪ್ಪು ಅಗ್ಗವಾಯಿತು, ಕಲ್ಲಿದ್ದಲು ಕೈಗೆಟುಕುವಷ್ಟು ಹತ್ತಿರವಿತ್ತು. ಲಿವರ್‌ಪೂಲ್, ಸೇಂಟ್ ಹೆಲೆನ್ಸ್, ವಿಡ್ನೆಸ್, ಗ್ಲಾಸ್ಗೋ ಮುಂತಾದ ಕಡೆಗಳಲ್ಲಿ ಸೋಡಾ ಕಾರ್ಖಾನೆಗಳು ಒಂದರ ಪಕ್ಕಕ್ಕೆ ಇನ್ನೊಂದು ಎದ್ದವು.

ಲೆಬ್ಲಾಂಕನ ಕ್ರಮ ಹೀಗೆ: ಮೊದಲು ಉಪ್ಪಿಗೆ ಗಂಧಕಾಮ್ಲವನ್ನು ಹಾಕಿ ಕಾಯಿಸಬೇಕು. ಆಗ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಏಳುತ್ತದೆ. ಉಳಿದ ಗಟ್ಟಿಗೆ ಸುಣ್ಣಕಲ್ಲನ್ನೂ ಕಲ್ಲಿದ್ದಲನ್ನೂ ಸೇರಿಸಿ ಸುಟ್ಟು ನೀರಿನಲ್ಲಿ ಕದಡಿದರೆ ಸೋಡಾ ಇಳಿಯುತ್ತದೆ. ಗಂಧಕ ತುಂಬಿದ ಕಪ್ಪು ಚರಟ ನಿಲ್ಲುತ್ತದೆ. 8 ಟನ್ ಸೋಡಾ ಬರುವಾಗ ಐದೂವರೆ ಟನ್ ಆಮ್ಲದ ಹಬೆ ಗಾಳಿಗೆ ಹೋಗುತ್ತಿತ್ತು, 7 ಟನ್ ಚರಟ ಕಾರ್ಖಾನೆಯ ಹಿಂದೆ ಗುಡ್ಡೆ ಬೀಳುತ್ತಿತ್ತು. ಮಳೆ ಬಂದರೆ ಆ ಗುಡ್ಡೆಯಿಂದ ಕೊಳೆತ ಮೊಟ್ಟೆಯ ನಾತ. ಲೆಕ್ಕ ನೋಡಿದರೆ, ಮಾರುವ ಸರಕಿಗಿಂತ ಬಿಸಾಡುವ ಸರಕೇ ಹೆಚ್ಚು!

ಹಬೆ ಬಿದ್ದ ಕಡೆ ಬೇಲಿಗಿಡಗಳು ಒಣಗಿದವು, ಮರಗಳು ಬೋಳಾದವು, ಬೀಗದ ಕಬ್ಬಿಣ ತುಕ್ಕು ಹಿಡಿಯಿತು. ಲಿವರ್‌ಪೂಲಿನ ಪುರಸಭೆ 1838ರಲ್ಲಿ ಜೇಮ್ಸ್ ಮಸ್ಪ್ರಾಟ್ ಎಂಬ ಕಾರ್ಖಾನೆದಾರನನ್ನು ನ್ಯಾಯಾಲಯಕ್ಕೆ ಎಳೆಯಿತು. ತೀರ್ಪು ಅವನಿಗೆ ವಿರುದ್ಧವಾಯಿತು. ಮಾಲೀಕರಿಗೆ ಹೊಳೆದ ಉಪಾಯವೆಂದರೆ ಚಿಮಣಿಯನ್ನು ಎತ್ತರಿಸುವುದು. ಗ್ಲಾಸ್ಗೋದಲ್ಲಿ ಟೆನೆಂಟ್ ಮನೆತನದವರು 1842ರಲ್ಲಿ ಸುಮಾರು 435 ಅಡಿಯ ಚಿಮಣಿ ಕಟ್ಟಿಸಿದರು. ನಮ್ಮ ಕುತುಬ್ ಮಿನಾರು ಅದರ ಮುಂದೆ ಗಿಡ್ಡ. ಇದರಿಂದ ಆದದ್ದಿಷ್ಟೆ: ಹಬೆ ಕಾರ್ಖಾನೆಯ ನೆರೆಯವನನ್ನು ದಾಟಿ ನಾಲ್ಕು ಮೈಲಿಯಾಚೆಯ ರೈತನ ಹೊಲದ ಮೇಲೆ ಇಳಿಯಿತು. ನೆರೆಯವನಾದರೆ ಯಾರ ಹೊಗೆಯೆಂದು ಬೊಟ್ಟುಮಾಡಿ ತೋರಿಸಬಹುದು. ಆ ರೈತ ಇಪ್ಪತ್ತು ಚಿಮಣಿಗಳಲ್ಲಿ ಯಾವುದರ ಮೇಲೆ ದಾವೆ ಹೂಡಬೇಕು? ಎತ್ತರದ ಚಿಮಣಿಯ ನಿಜವಾದ ಪ್ರಯೋಜನ ಇದೇ ಎಂದು ನನಗೆ ತೋರುತ್ತದೆ.

ಮದ್ದು ಇರಲಿಲ್ಲವೆಂದಲ್ಲ. ವಿಲಿಯಂ ಗಾಸೇಜ್ ಎಂಬವನು 1836ರಲ್ಲಿಯೇ ಅದನ್ನು ಕಂಡುಹಿಡಿದಿದ್ದ. ಗೋಪುರವೊಂದರಲ್ಲಿ ಕಡ್ಡಿಕಸ, ಇದ್ದಲಿನ ಚೂರು ತುಂಬಿ, ಮೇಲಿನಿಂದ ನೀರನ್ನು ತೊಟ್ಟಿಕ್ಕಿಸಿ, ಕೆಳಗಿನಿಂದ ಹಬೆಯನ್ನು ಬಿಟ್ಟರೆ ಆಮ್ಲವೆಲ್ಲ ನೀರಿನಲ್ಲಿ ಕರಗಿ ಇಳಿಯುತ್ತದೆ. ಮೊದಲ ಪ್ರಯೋಗವನ್ನು ಅವನು ಒಂದು ಹಾಳುಬಿದ್ದ ಗಾಳಿಗಿರಣಿಯಲ್ಲಿ ನಡೆಸಿದನೆಂದು ಹೇಳುತ್ತಾರೆ. ಇಂದಿನ ದೊಡ್ಡ ಕಾರ್ಖಾನೆಗಳ ಚಿಮಣಿಗಳಲ್ಲಿ ವಿಷಾನಿಲವನ್ನು ತೊಳೆಯುವ ಸ್ಕ್ರಬ್ಬರುಗಳಿಗೆ ಇದೇ ಮೂಲಪುರುಷ. ಆದರೆ ಹಿಡಿದ ಆಮ್ಲಕ್ಕೆ ಕೊಳ್ಳುವವರು ಸಾಲದು. ಗೋಪುರಕ್ಕೆ ಮಾತ್ರ ಖರ್ಚು. ಆದುದರಿಂದ ಕಟ್ಟಿದವರೂ ಅದನ್ನು ಅರೆಮನಸ್ಸಿನಿಂದ ನಡೆಸಿದರು.

ಇಪ್ಪತ್ತಾರು ವರ್ಷ ಕಳೆಯಿತು. 1862ರಲ್ಲಿ ಪಾರ್ಲಿಮೆಂಟಿನ ಪ್ರಭುಸಭೆಯಲ್ಲಿ ವಿಚಾರಣಾ ಸಮಿತಿ ಬೇಕೆಂದು ಎದ್ದು ನಿಂತವನು ಲಾರ್ಡ್ ಡರ್ಬಿ, ಹಿಂದೆ ಎರಡು ಬಾರಿ ಪ್ರಧಾನಿಯಾಗಿದ್ದವನು. ಅವನ ನೋಸ್ಲಿ ಎಸ್ಟೇಟು ಸೇಂಟ್ ಹೆಲೆನ್ಸಿನ ನೆರೆಯಲ್ಲಿಯೇ ಇತ್ತೆಂಬುದನ್ನು ಇಲ್ಲಿ ಮರೆಯಬಾರದು. ಸಮಿತಿಯ ಫಲವಾಗಿ 1863ರಲ್ಲಿ ಆಲ್ಕಲಿ ಕಾಯಿದೆ ಬಂತು: ಹಬೆಯಲ್ಲಿ ನೂರಕ್ಕೆ 95 ಪಾಲನ್ನು ಕಾರ್ಖಾನೆಯೊಳಗೇ ಹಿಡಿಯತಕ್ಕದ್ದು.

ಮರ ಸತ್ತವರಿಗೆ ನ್ಯಾಯವಿತ್ತು, ಉಸಿರು ಕಟ್ಟಿದವರಿಗೆ ಅಷ್ಟಾಗಿ ಇರಲಿಲ್ಲ. ಸೇಂಟ್ ಹೆಲೆನ್ಸಿನ ತಾಮ್ರದ ಕುಲುಮೆಯ ಮೇಲೆ ಟಿಪ್ಪಿಂಗ್ ಎಂಬ ಜಮೀನುದಾರ ಹೂಡಿದ ದಾವೆ 1865ರಲ್ಲಿ ಪ್ರಭುಸಭೆಯವರೆಗೆ ಹೋಗಿ, ಅವನಿಗೆ 361 ಪೌಂಡು ಪರಿಹಾರ ಸಿಕ್ಕಿತು. ಆ ತೀರ್ಪು ಒಂದು ಭೇದ ಮಾಡಿತು: ಆಸ್ತಿಗೆ ನಷ್ಟವಾದರೆ ಊರು ಯಾವುದಾದರೂ ಪರಿಹಾರ ಉಂಟು, ಶರೀರಕ್ಕಾಗುವ ಕಿರಿಕಿರಿಯಾದರೆ ಊರು ಎಂಥದೆಂದು ನೋಡಬೇಕು, ಕಾರ್ಖಾನೆಯ ಊರಿನಲ್ಲಿ ಇರುವವನು ಅಲ್ಲಿನ ಹೊಗೆಯನ್ನು ಸಹಿಸಬೇಕು. ಈ ಇಂಗ್ಲಿಷ್ ನ್ಯಾಯದ ನೆರಳಿನಿಂದ ಹೊರಬರಲು ನಮಗೂ ಬಹಳ ಕಾಲ ಬೇಕಾಯಿತು. 1985ರ ಡಿಸೆಂಬರಿನಲ್ಲಿ ದೆಹಲಿಯ ಒಂದು ರಾಸಾಯನಿಕ ಕಾರ್ಖಾನೆಯಿಂದ ಗಂಧಕಾಮ್ಲದ ಹಬೆ ಸೋರಿತು. ಆ ಮೊಕದ್ದಮೆಯಲ್ಲಿ, ಅಪಾಯಕರ ಉದ್ಯಮ ನಡೆಸುವವನು ಆದ ಹಾನಿಗೆ ಯಾವ ವಿನಾಯಿತಿಯೂ ಇಲ್ಲದೆ ಹೊಣೆ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ಸಾರಿತು.

ಆಲ್ಕಲಿ ಕಾಯಿದೆಯ ಮೊದಲ ಇನ್‌ಸ್ಪೆಕ್ಟರು ರಾಬರ್ಟ್ ಆಂಗಸ್ ಸ್ಮಿತ್. ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಈ ಸ್ಕಾಟಿಷ್ ರಸಾಯನಜ್ಞ ಮಳೆನೀರನ್ನು ಹಿಡಿದು ಪರೀಕ್ಷಿಸುತ್ತಿದ್ದವನು. 'ಆಮ್ಲಮಳೆ' ಎಂಬ ಮಾತನ್ನು 1872ರಲ್ಲಿ ತನ್ನ ಗ್ರಂಥದಲ್ಲಿ ಬಳಸಿದವನೂ ಅವನೇ. ಮೊಕದ್ದಮೆ ಹಾಕುವುದರಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ. ಮಾಲೀಕರನ್ನು ಓಲೈಸುತ್ತಾನೆಂಬ ಅಪವಾದವೂ ಬಂತು. ಆದರೆ ಅವನು ಅಳೆಯುತ್ತಿದ್ದ. ಹೊಗೆಕೊಳವೆಯಿಂದ ಗಾಳಿ ಸೆಳೆದು, ಆಮ್ಲ ಎಷ್ಟೆಂದು ಬರೆದು, ಮಾಲೀಕನ ಕೈಗೆ ಆ ಅಂಕಿಯನ್ನು ಕೊಡುತ್ತಿದ್ದ. ಅಂಕಿಯ ಮುಂದೆ ವಾದ ನಡೆಯದು. ಬೇಗನೆ, 95 ಕೇಳಿದ ಕಾಯಿದೆಗೆ ಕಾರ್ಖಾನೆಗಳು 98ಕ್ಕೂ ಮೇಲೆ ಕೊಟ್ಟವು. ಆಗುವುದಿಲ್ಲ ಎಂದಿದ್ದವರು ಇವರೇ.

ಕಾಯಿದೆಯಲ್ಲಿ ತೂತಿದ್ದದ್ದು ಆಮೇಲೆ ಗೊತ್ತಾಯಿತು. ನೂರಕ್ಕೆ ಐದು ಎಂದರೆ ಒಂದು ಕಾರ್ಖಾನೆಯಿಂದ ಅಲ್ಪ. ಕಾರ್ಖಾನೆ ಹತ್ತಾದರೆ ಅಲ್ಪವೂ ಹತ್ತರಷ್ಟು. 1874ರ ತಿದ್ದುಪಡಿ ಒಂದು ಘನ ಅಡಿ ಹೊಗೆಯಲ್ಲಿ ಆಮ್ಲ ಗ್ರೇನಿನ ಐದನೆಯ ಒಂದು ಭಾಗವನ್ನು ಮೀರಕೂಡದೆಂದು ಮಿತಿ ಹಾಕಿತು. ಆದರೂ ಒಂದೂರಿಗೆ ಎಷ್ಟು ಚಿಮಣಿ ಎಂಬುದನ್ನು ಅದು ಕೇಳಲಿಲ್ಲ. ನಮ್ಮ 1981ರ ವಾಯು ಕಾಯಿದೆಯ ಕಾಲದಲ್ಲಿಯೂ ಒಂದೊಂದು ಚಿಮಣಿಯನ್ನು ಅಳೆಯುವುದು ಸುಲಭ, ಊರಿನ ಗಾಳಿಯ ಒಟ್ಟು ಹೊರೆಯನ್ನು ಹೊಣೆಗಾರರ ನಡುವೆ ಹಂಚುವುದು ಕಷ್ಟ.

ಗಾಳಿಯಿಂದ ಇಳಿಸಿದ ಆಮ್ಲ ಎಲ್ಲಿಗೆ ಹೋಯಿತು? ಹಳ್ಳಕ್ಕೆ. ಚರಟದ ಗುಡ್ಡೆಯ ಮಗ್ಗುಲಲ್ಲಿ ಹರಿಯುವಾಗ ಎರಡೂ ಕೂಡಿ ಇನ್ನೂ ಕೆಟ್ಟ ಅನಿಲವನ್ನೆಬ್ಬಿಸಿದವು. ಸೇಂಟ್ ಹೆಲೆನ್ಸಿನ ಸ್ಯಾಂಕಿ ಹಳ್ಳದ ಗತಿ ಇದೇ ಆಯಿತು. ಹಳ್ಳವನ್ನು ಒಂದಿಷ್ಟಾದರೂ ಉಳಿಸಿದ್ದು ಮಾರುಕಟ್ಟೆ. ಆಮ್ಲದಿಂದ ಕ್ಲೋರಿನ್ ತೆಗೆದು ಸುಣ್ಣಕ್ಕೆ ಹಾಯಿಸಿದರೆ ಚಲುವೆ ಪುಡಿಯಾಗುತ್ತದೆ. ಬಟ್ಟೆ ಗಿರಣಿಗಳಿಗೂ ಕಾಗದದ ಗಿರಣಿಗಳಿಗೂ ಅದು ಟನ್‌ಗಟ್ಟಲೆ ಬೇಕಾಗಿತ್ತು. ಅದನ್ನು ಅಗ್ಗವಾಗಿ ತಯಾರಿಸುವ ದಾರಿಯನ್ನು 1860ರ ದಶಕದ ಕೊನೆಗೆ ತೋರಿಸಿದವರು ಇಬ್ಬರು: ಕಾರ್ಖಾನೆಯವನೇ ಆದ ಹೆನ್ರಿ ಡೀಕನ್, ಮತ್ತು ರಸಾಯನಶಾಸ್ತ್ರವನ್ನು ಶಾಲೆಯಲ್ಲಿ ಕಲಿಯದ ಪತ್ರಕರ್ತ ವಾಲ್ಟರ್ ವೆಲ್ಡನ್. ಪತ್ರಿಕೆಯವರಿಂದಲೂ ಲೋಕಕ್ಕೆ ಒಮ್ಮೊಮ್ಮೆ ಉಪಕಾರವಾಗುತ್ತದೆ! ಮುಂದೆ ಬೆಲ್ಜಿಯಮಿನ ಸಾಲ್ವೆಯ ಅಗ್ಗದ ಕ್ರಮ ಬಂದು ಲೆಬ್ಲಾಂಕನ ಸೋಡಾವನ್ನು ಹಿಂದೆ ಹಾಕಿದಾಗ, ಹಳೆಯ ಕಾರ್ಖಾನೆಗಳನ್ನು ಹಲವು ವರ್ಷ ಉಳಿಸಿದ್ದು ಒಂದು ಕಾಲದಲ್ಲಿ ಗಾಳಿಗೆ ತೂರುತ್ತಿದ್ದ ಆ ಆಮ್ಲವೇ.

ಆ ಪುಡಿಯನ್ನು ಪೀಪಾಯಿಗೆ ತುಂಬುತ್ತಿದ್ದವರ ಪಾಡು ಮಾತ್ರ ಹೇಳತೀರದು. ಬಾಯಿಗೆ ಫ್ಲಾನಲ್ ಬಟ್ಟೆಯನ್ನು ಪದರಪದರವಾಗಿ ಬಿಗಿದು, ಕಣ್ಣಿಗೆ ಕನ್ನಡಕ ಹಾಕಿ, ಕ್ಲೋರಿನ್ ತುಂಬಿದ ಕೋಣೆಯೊಳಗೆ ಸಲಿಕೆ ಹಿಡಿದು ಇಳಿಯಬೇಕು. ಉಪ್ಪಿನ ಕುಲುಮೆಯ ಮುಂದೆ ನಿಂತವರ ಹಲ್ಲುಗಳನ್ನು ಆಮ್ಲ ತಿಂದುಹಾಕುತ್ತಿತ್ತು. ಆಲ್ಕಲಿ ಇನ್‌ಸ್ಪೆಕ್ಟರ ಅಳತೆಯ ಕೊಳವೆ ಚಿಮಣಿಯೊಳಗೆ ಹೋಗುತ್ತಿತ್ತು. ಇವರ ಮೂಗಿನ ಮುಂದಿನ ಗಾಳಿಯನ್ನು ಅಳೆಯುವುದು ಅವನ ಕೆಲಸವಾಗಿರಲಿಲ್ಲ. ರಾಬರ್ಟ್ ಶೆರಾರ್ಡ್ ಎಂಬ ಇನ್ನೊಬ್ಬ ಪತ್ರಕರ್ತ 1897ರಲ್ಲಿ ಪುಸ್ತಕ ಬರೆದು, ಈ ಕೂಲಿಕಾರರನ್ನು ಇಂಗ್ಲೆಂಡಿನ ಬಿಳಿಯ ಗುಲಾಮರೆಂದು ಕರೆದ. ಡರ್ಬಿಯ ಮರಗಳಿಗೆ ಕಾಯಿದೆ ಬಂದು ಆಗಲೇ ಮೂವತ್ತನಾಲ್ಕು ವರ್ಷವಾಗಿತ್ತು.

ವಿಡ್ನೆಸ್ಸಿನಲ್ಲಿ 1847ರಲ್ಲಿ ಮೊದಲ ಕಾರ್ಖಾನೆ ಎದ್ದ ಜಾಗ ಈಗ ಹಸಿರು ಉದ್ಯಾನ. ಪಕ್ಕದಲ್ಲಿ ರಸಾಯನೋದ್ಯಮದ ಒಂದು ವಸ್ತುಸಂಗ್ರಹಾಲಯವಿದೆ. ಜನ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಲೆಬ್ಲಾಂಕ್ ಕಾಲದ ಚರಟ ಆ ಊರಿನ ಅಡಿಯಲ್ಲಿ ಇನ್ನೂ ಇದೆ, ಅದರಲ್ಲಿ ಪಾಷಾಣವೂ ಇದೆ. ಅಲ್ಲಿ ಮನೆ ಕಟ್ಟಲು ಅಡಿಪಾಯ ತೋಡುವವರು ಮೊದಲು ಮಣ್ಣನ್ನು ಪರೀಕ್ಷೆಗೆ ಕಳುಹಿಸಬೇಕಾಗುತ್ತದೆ.