ಡೆನ್ಮಾರ್ಕಿನ ಮನೆಗಳ ಮುಂಗೋಡೆಯೂ ಬಳ್ಳಿಯ ಹಂದರವೂ

ಕಟ್ಟಡಗಳ ಇತಿಹಾಸವನ್ನು ಬರೆಯತಕ್ಕವರು ಸಾಮಾನ್ಯವಾಗಿ ಉಳಿದು ಬಂದುದನ್ನೇ ಆಧಾರವಾಗಿ ಹಿಡಿಯುವರು. ಕಲ್ಲು ಉಳಿಯುತ್ತದೆ, ಇಟ್ಟಿಗೆ ಉಳಿಯುತ್ತದೆ; ಓಕ್ ಮರದ ತೊಲೆಯಾದರೆ ಮೂರು ನಾಲ್ಕು ಶತಮಾನಗಳ ಕಾಲ ಬಾಳುವುದುಂಟು. ಆದರೆ ಗೋಡೆಗೆ ತಗುಲಿಹಾಕಿದ ತೆಳು ರೀಪಿನ ಹಂದರಕ್ಕೆ ಅಷ್ಟು ಆಯುಷ್ಯವೆಲ್ಲಿ? ಒಂದು ತಲೆಮಾರು ಕಳೆಯುವುದರೊಳಗೆ ಅದು ಶಿಥಿಲವಾಗಿ ಉದುರಿಹೋಗುತ್ತದೆ. ಅದರ ಮೇಲೆ ಹಬ್ಬಿದ್ದ ಬಳ್ಳಿ ಒಣಗಿದ ಮೇಲೆ ಅಲ್ಲಿ ಹಂದರವಿತ್ತೆಂದು ಹೇಳುವವರೇ ಇರುವುದಿಲ್ಲ. ಈ ಕಾರಣದಿಂದಲೇ ಉತ್ತರ ಯುರೋಪಿನ ಗೃಹನಿರ್ಮಾಣ ಚರಿತ್ರೆಯಲ್ಲಿ ಬಳ್ಳಿಗೂ ಹಂದರಕ್ಕೂ ಅಲಂಕಾರದ ಪ್ರಕರಣದಲ್ಲಿ ಒಂದೆರಡು ಮಾತಿಗಿಂತ ಹೆಚ್ಚು ಸ್ಥಳ ದೊರೆತಿಲ್ಲ. ಡೆನ್ಮಾರ್ಕಿನ ಮಟ್ಟಿಗಾದರೂ ಇದು ಅನ್ಯಾಯವೆಂದು ನನ್ನ ಅಭಿಪ್ರಾಯ. ಆ ದೇಶದಲ್ಲಿ ಯಾವ ಗೋಡೆಯ ಮೇಲೆ ಯಾವ ಬಳ್ಳಿ ಹೇಗೆ ಹಬ್ಬಿತೆಂಬುದನ್ನು ಮನೆಯವರ ಅಭಿರುಚಿಯೊಂದೇ ನಿರ್ಣಯಿಸಲಿಲ್ಲ; ಗೋಡೆಯ ಹೊರಮೈ ಸುಣ್ಣದ್ದೋ ಬರಿಯ ಇಟ್ಟಿಗೆಯದೋ ಎಂಬುದೇ ಬಹುಮಟ್ಟಿಗೆ ನಿರ್ಣಯಿಸಿತು. ಆದಕಾರಣ ಹಂದರದ ಚರಿತ್ರೆಯನ್ನು ಹಿಂಬಾಲಿಸಿದರೆ ಗೋಡೆಯ ಚರಿತ್ರೆಯೂ ಅದರೊಡನೆ ಬರುತ್ತದೆ.

ಮೊದಲು ಪದದ ವಿಚಾರ. ನಮ್ಮಲ್ಲಿ ಹಂದರವೆಂದರೂ ಚಪ್ಪರವೆಂದರೂ ತಲೆಯ ಮೇಲೆ ಮಲಗಿರುವ ವಸ್ತು. ಅವರೆ, ಹೀರೆ, ಮಲ್ಲಿಗೆಗಳು ಅದರ ಮೇಲೆ ಹಬ್ಬಿ ಕೆಳಗೆ ನೆರಳನ್ನು ಕೊಡುತ್ತವೆ. ಡೇನರು ‘ಎಸ್ಪಾಲಿಯೆ’ ಎಂದು ಕರೆಯುವುದು ಗೋಡೆಗೆ ಒರಗಿ ನೆಟ್ಟಗೆ ನಿಂತಿರುವ ರೀಪಿನ ಜಾಲರಿ. ಪದವು ಫ್ರೆಂಚಿನಿಂದ ಬಂದುದು; ಅದರ ಮೂಲ ಇಟಾಲಿಯನ್ ಭಾಷೆಯಲ್ಲಿ ಭುಜವೆಂಬ ಅರ್ಥವುಳ್ಳ ಶಬ್ದ. ಗಿಡವು ಗೋಡೆಗೆ ಹೆಗಲು ಕೊಟ್ಟು ನಿಲ್ಲುವುದೆಂಬ ಭಾವ ಅದರಲ್ಲಿ ಅಡಗಿದೆ. ಇದನ್ನು ಈ ಲೇಖನದಲ್ಲಿ ‘ನಿಲುಹಂದರ’ ಎಂದು ಕರೆಯುತ್ತೇನೆ. ಉದ್ದೇಶದಲ್ಲಿಯೂ ಎರಡಕ್ಕೂ ಭೇದವಿದೆ. ನಾವು ಬಿಸಿಲನ್ನು ತಡೆಯುವುದಕ್ಕಾಗಿ ಚಪ್ಪರವನ್ನು ಹಾಕುತ್ತೇವೆ; ಕೋಪನ್‌ಹೇಗನ್ ನಗರವಿರುವುದು 55 ಡಿಗ್ರಿಗಿಂತಲೂ ಉತ್ತರಕ್ಕೆ, ಅಲ್ಲಿ ನಡುಚಳಿಗಾಲದ ಹಗಲು ಸುಮಾರು 7 ಗಂಟೆ ಮಾತ್ರ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಹಗಲಿನಲ್ಲಿ ಹೀರಿಕೊಂಡ ಬಿಸಿಯನ್ನು ರಾತ್ರಿಯಲ್ಲಿ ಬಿಟ್ಟುಕೊಡುತ್ತದೆ. ಬಯಲಿನಲ್ಲಿ ಹಣ್ಣಾಗದ ದ್ರಾಕ್ಷಿಯೂ ಪೀಚೂ ಆ ಗೋಡೆಯ ಮಗ್ಗುಲಲ್ಲಿ ಹಣ್ಣಾಗುವುದುಂಟು. ಅಲ್ಲಿ ನಿಲುಹಂದರವು ಬಿಸಿಲನ್ನು ಹಿಡಿಯುವ ಸಾಧನ.

ಹಣ್ಣಿನ ಕೃಷಿಯೇ ಇದರ ಪ್ರಥಮ ಪ್ರಯೋಜನ. ಡೆನ್ಮಾರ್ಕಿನ ಮೊದಲ ತೋಟಗಾರಿಕೆಯ ಗ್ರಂಥವೆಂದು ಪ್ರಸಿದ್ಧವಾಗಿರುವ, ಹಾನ್ಸ್ ರಾಸ್ಮುಸ್ಸೊನ್ ಬ್ಲಾಕ್ ಎಂಬವನ ‘ಹಾರ್ಟಿಕಲ್ಚರಾ ಡ್ಯಾನಿಕಾ’ 1647ರಲ್ಲಿ ಹೊರಬಂದಿತು. ಫ್ರಾನ್ಸಿನಲ್ಲಿ 14ನೆಯ ಲೂಯಿಯ ತೋಟಗಾರ ಲಾ ಕೆಂಟಿನೀ ವರ್ಸೈನ ಅಡಿಗೆತೋಟದ ಗೋಡೆಗಳ ಮೇಲೆ ಹಣ್ಣಿನ ಮರಗಳನ್ನು ಚಪ್ಪಟೆಯಾಗಿ ಹಬ್ಬಿಸಿದುದು ಆಮೇಲೆ, 1678ರಿಂದ 1683ರವರೆಗೆ. ಈ ಕಲೆ ಅರಮನೆಗಳಿಂದ ಜಮೀನುದಾರರ ತೋಟಗಳಿಗೂ, ಅಲ್ಲಿಂದ ಹಳ್ಳಿಯ ಪಾದ್ರಿಗಳ ಮನೆಗಳಿಗೂ ಇಳಿದು ಬಂದಿತು. ದಕ್ಷಿಣದ ಗೋಡೆಗೆ ದ್ರಾಕ್ಷಿ ಅಥವಾ ಪೇರ್. ಬಿಸಿಲು ಕಾಣದ ಉತ್ತರದ ಗೋಡೆಗೂ ಒಂದು ಗಿಡ ಸಿಕ್ಕಿತು, ಹುಳಿಚೆರ್ರಿಯ ಒಂದು ಜಾತಿ. ಡ್ಯಾನಿಷ್ ಭಾಷೆಯಲ್ಲಿ ಅದರ ಹೆಸರಿಗೆ ‘ನೆರಳು’ ಎಂಬ ಪದವೇ ಅಂಟಿಕೊಂಡಿದೆ. 1769ರಲ್ಲಿ ಸ್ಥಾಪಿತವಾದ ರಾಜಕೀಯ ಕೃಷಿಸಂಘವೂ, 1780ರ ದಶಕದ ಭೂಸುಧಾರಣೆಗಳೂ ರೈತನಿಗೆ ತನ್ನದೆನ್ನುವ ಹಿತ್ತಿಲನ್ನು ಒದಗಿಸಿದ ಮೇಲೆ ಈ ಅಭ್ಯಾಸ ಇನ್ನೂ ಕೆಳಗಿನವರೆಗೆ ವ್ಯಾಪಿಸಲು ಅವಕಾಶವಾಯಿತು.

ಗೋಡೆಯನ್ನು ಈಗ ಹತ್ತಿರದಿಂದ ನೋಡತಕ್ಕದ್ದು. ಡೆನ್ಮಾರ್ಕಿನ ಹಳೆಯ ಸಾಮಾನ್ಯ ಮನೆಯೆಂದರೆ ಮರದ ಚೌಕಟ್ಟನ್ನು ನಿಲ್ಲಿಸಿ, ಅದರ ಮನೆಮನೆಗಳಲ್ಲಿ ಜೇಡಿಮಣ್ಣನ್ನೋ ಇಟ್ಟಿಗೆಯನ್ನೋ ತುಂಬಿ, ಮೇಲೆ ಸುಣ್ಣ ಬಳಿದ ಮನೆ. ಸುಣ್ಣವು ಮಳೆಗೆ ಕರಗುವ ಕವಚ. ಅದನ್ನು ಮತ್ತೆ ಮತ್ತೆ ಬಳಿಯಬೇಕು. ವಸಂತದಲ್ಲಿ, ಪೆಂಟೆಕೋಸ್ಟ್ ಹಬ್ಬಕ್ಕೆ ಮುಂಚೆ, ಗೋಡೆಗೆ ಹೊಸ ಸುಣ್ಣ ಹೊಡೆಯುವುದು ರೂಢಿಯಾಗಿತ್ತು. ಇಂತಹ ಗೋಡೆಗೆ ಐವಿಯ ಬಳ್ಳಿಯನ್ನು ಹತ್ತಿಸಿದರೆ ಅದರ ಕಾಂಡದಿಂದ ಹೊರಡುವ ಸಣ್ಣ ಬೇರುಗಳು ಸುಣ್ಣದ ಪದರಕ್ಕೇ ಅಂಟಿಕೊಳ್ಳುತ್ತವೆ. ಬಳ್ಳಿಯನ್ನು ಎಳೆದರೆ ಸುಣ್ಣವೂ ಅದರೊಡನೆ ಕಿತ್ತುಬರುತ್ತದೆ. ಎಳೆಯದಿದ್ದರೆ ಸುಣ್ಣ ಬಳಿಯುವಂತಿಲ್ಲ. ಆದಕಾರಣ ಸುಣ್ಣದ ಮನೆಯವರು ತಾವಾಗಿ ಅಂಟಿಕೊಳ್ಳದ ಗುಲಾಬಿ, ದ್ರಾಕ್ಷಿ, ಹನಿಸಕಲ್ ಮೊದಲಾದ ಸಸ್ಯಗಳನ್ನು ಆರಿಸಿ, ಅವಕ್ಕೆ ರೀಪಿನ ಆಸರೆಯನ್ನು ಕೊಟ್ಟರು. ರೀಪುಗಳನ್ನು ಗೋಡೆಗೆ ಅಂಟಿಸದೆ ಕಬ್ಬಿಣದ ಕೊಕ್ಕೆಗಳ ಮೇಲೆ ಕೆಲವು ಅಂಗುಲ ದೂರದಲ್ಲಿ ನಿಲ್ಲಿಸಿದರೆ ಹಿಂದೆ ಗಾಳಿಯಾಡುತ್ತದೆ, ಮರ ಬೇಗ ಕೊಳೆಯುವುದಿಲ್ಲ. ಬೇಕಾದಾಗ ಬಳ್ಳಿಸಹಿತವಾಗಿ ಹಂದರವನ್ನು ಮುಂದಕ್ಕೆ ಬಾಗಿಸಿ, ಸುಣ್ಣ ಬಳಿದು, ಮತ್ತೆ ಕೊಕ್ಕೆಗೆ ಸಿಕ್ಕಿಸಬಹುದು. ಇನ್ನೊಂದು ನಿಯಮವನ್ನು ಕಿಟಕಿ ವಿಧಿಸಿತು. ಡ್ಯಾನಿಷ್ ಕಿಟಕಿಯ ಬಾಗಿಲುಗಳು ಹೊರಕ್ಕೆ ತೆರೆಯುವಂಥವು. ಅವು ತೆರೆಯುವಷ್ಟು ಸ್ಥಳದಲ್ಲಿ ಬಳ್ಳಿ ಇರಕೂಡದು. ಹೀಗಾಗಿ ಹಂದರವು ಎರಡು ಕಿಟಕಿಗಳ ನಡುವಣ ಕಿರಿದಾದ ಅವಕಾಶದಲ್ಲಿ ಎತ್ತರವಾದ ಪಟ್ಟಿಯಂತೆ ನಿಂತಿತು. ಅನಂತರದ ಕಾಲದ ವಾಸ್ತುಶಿಲ್ಪಿಗಳು ಈ ಪಟ್ಟಿಗಳನ್ನು ಅಲಂಕಾರದ ಕ್ರಮವೆಂದು ಮೆಚ್ಚಿದರು. ಅದು ಹುಟ್ಟಿದುದು ಕಿಟಕಿಯ ತಿರುಗಣಿಯಿಂದ.

ಡ್ರಾಗೋರ್, ಏರೋಸ್‌ಕೊಬಿಂಗ್ ಮುಂತಾದ ಹಳೆಯ ಕಡಲತೀರದ ಊರುಗಳಲ್ಲಿ ಮನೆಗಳು ಬೀದಿಗೇ ತಗುಲಿಕೊಂಡಿವೆ. ಅಲ್ಲಿ ಹಾಸುಗಲ್ಲಿಗೂ ಗೋಡೆಯ ಬುಡಕ್ಕೂ ನಡುವೆ ಇರುವ ಗೇಣಗಲದ ಮಣ್ಣೇ ತೋಟ. ಗುಲಾಬಿಯ ಬಳ್ಳಿಯ ಪಕ್ಕದಲ್ಲಿ ಆಳೆತ್ತರದ ‘ಸ್ಟಾಕ್‌ರೋಸ್’ ನಿಂತಿರುತ್ತದೆ. ಹೆಸರಿಗೆ ಕೋಲುಗುಲಾಬಿಯಾದರೂ ಇದು ಗುಲಾಬಿಯ ಜಾತಿಯದಲ್ಲ, ನಮ್ಮ ದಾಸವಾಳದ ಕುಟುಂಬಕ್ಕೆ ಸೇರಿದ್ದು. ತನ್ನ ಕಾಂಡದ ಬಲದಿಂದಲೇ ನಿಲ್ಲುವುದರಿಂದ ಇದಕ್ಕೆ ಹಂದರ ಬೇಡ. ಇಂತಹ ಬೀದಿಗಳನ್ನೂ ಹುಲ್ಲುಹೊದಿಕೆಯ ಹಳ್ಳಿಮನೆಗಳನ್ನೂ ಬ್ರೆಂಡೆಕಿಲ್ಡ (1857–1942) ಮೊದಲಾದ ಚಿತ್ರಕಾರರು ಹೂವುಗಳ ನಡುವೆ ಎಷ್ಟು ಸಾರಿ ಬರೆದರೆಂದರೆ, ಡೆನ್ಮಾರ್ಕಿನ ಬಡವನ ಮನೆ ಎಂದೆಂದಿಗೂ ಹೂವಿನಿಂದ ಮುಚ್ಚಿಯೇ ಇದ್ದಿತೆಂದು ನೋಡುವವರು ತಿಳಿಯುವ ಅಪಾಯವಿದೆ. ಚಿತ್ರವು ಬೇಸಗೆಯ ಸಾಕ್ಷಿ; ಅದರಲ್ಲಿ ನವೆಂಬರ್ ತಿಂಗಳು ಬರುವುದು ಅಪರೂಪ.

ನನ್ನ ದೃಷ್ಟಿಯಲ್ಲಿ ಚಿತ್ರಕ್ಕಿಂತ ಹೆಚ್ಚು ನಂಬತಕ್ಕ ಸಾಕ್ಷಿ ಕಥೆ. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ (1805–1875) ಮಕ್ಕಳ ಕಥೆಗಳನ್ನು ಬೋಧಿಸುವ ಉಪಾಧ್ಯಾಯರು ಅವುಗಳ ಕಲ್ಪನೆಯನ್ನೂ ಕರುಣರಸವನ್ನೂ ವಿವರಿಸುವರು. ಅವು ಕೋಪನ್‌ಹೇಗನ್ ನಗರದ ಗೋಡೆಗಳ ವಿಷಯದಲ್ಲಿ ಪ್ರಮಾಣಪತ್ರಗಳೂ ಹೌದೆಂಬುದನ್ನು ಗಮನಿಸಿದವರು ಕಡಮೆ. 1819ರಲ್ಲಿ ಆತನು ಆ ನಗರಕ್ಕೆ ಬಂದಾಗ ಅದು ಇನ್ನೂ ಕೋಟೆಯ ದಿಣ್ಣೆಗಳೊಳಗೆ ಸೆರೆಯಾಗಿತ್ತು. ಕೋಟೆಯ ಹೊರಗೆ ಮನೆ ಕಟ್ಟುವುದಕ್ಕಿದ್ದ ನಿರ್ಬಂಧ ಸಡಿಲವಾದುದು 1852ರಲ್ಲಿ. ಊರಬಾಗಿಲುಗಳನ್ನು ಕೆಡವಿದುದು 1856–57ರಲ್ಲಿ. ಅದುವರೆಗೆ ಜನ ಹೆಚ್ಚಿದಂತೆಲ್ಲ ಮನೆಗಳು ಮೇಲಕ್ಕೂ ಹಿತ್ತಿಲಿಗೂ ಬೆಳೆದುವು, ನೆಲ ಕಾಣದಾಯಿತು.

‘ಹಿಮರಾಣಿ’ (1844) ಎಂಬ ಕಥೆಯ ಎರಡು ಮಕ್ಕಳು ಎದುರುಬದುರಾದ ಅಟ್ಟದ ಕೋಣೆಗಳಲ್ಲಿರುವರು. ಎರಡು ಸೂರುಗಳ ನಡುವೆ ನೀರಿನ ದೋಣಿಯಷ್ಟೇ ಅಂತರ. ತಂದೆತಾಯಿಗಳು ಆ ದೋಣಿಗೆ ಅಡ್ಡಲಾಗಿ ಮರದ ಪೆಟ್ಟಿಗೆಗಳನ್ನಿಟ್ಟು ಅಡಿಗೆಯ ಸೊಪ್ಪನ್ನೂ ಒಂದೊಂದು ಗುಲಾಬಿಯನ್ನೂ ಬೆಳೆಸುತ್ತಾರೆ; ಬಟಾಣಿಯ ಬಳ್ಳಿ ಪೆಟ್ಟಿಗೆಯಿಂದ ಕೆಳಕ್ಕೆ ಇಳಿಬೀಳುತ್ತದೆ, ಗುಲಾಬಿಯ ಕೊಂಬೆಗಳು ಕಿಟಕಿಗಳನ್ನು ಸುತ್ತಿ ಪರಸ್ಪರ ಬಾಗುತ್ತವೆ. ಬೀದಿಯಲ್ಲಿ ನೆಲವಿಲ್ಲದವರು ಸೂರಿನ ನೀರುದೋಣಿಯ ಮೇಲೆ ನೆಲವನ್ನು ಕಂಡುಕೊಂಡ ಬಗೆ ಇದು. ಸೊಪ್ಪು ಮೊದಲು, ಹೂವು ಆಮೇಲೆ ಎಂಬ ಕ್ರಮವನ್ನೂ ಕಥೆಗಾರನು ಮರೆತಿಲ್ಲ.

1852ರ ‘ಒಂದು ಕಾಯಿಯ ಐದು ಬಟಾಣಿಗಳು’ ಇದಕ್ಕಿಂತ ಬೆಲೆಯುಳ್ಳ ಸಾಕ್ಷಿ. ಅಟ್ಟದ ಕಿಟಕಿಯ ಕೆಳಗೆ ಪಾಚಿ ತುಂಬಿದ ಬಿರುಕಿನಲ್ಲಿ ಬಟಾಣಿಯೊಂದು ಬಿದ್ದು ಮೊಳೆಯುತ್ತದೆ. ಒಳಗೆ ವರುಷದಿಂದ ಹಾಸಿಗೆ ಹಿಡಿದ ಹುಡುಗಿ. ಹೊರಗೆ ಕೂಲಿ ಮಾಡಿ ಬರುವ ತಾಯಿ. ಗಾಳಿಗೆ ಮುರಿಯದಿರಲೆಂದು ತಾಯಿ ಗಿಡಕ್ಕೆ ಒಂದು ಕಡ್ಡಿಯನ್ನು ನೆಡುತ್ತಾಳೆ. ಆಮೇಲೆ ಕಿಟಕಿಯ ಕೆಳಹಲಗೆಯಿಂದ ಮೇಲಿನ ಚೌಕಟ್ಟಿನವರೆಗೆ ಹುರಿಯನ್ನು ಎಳೆದು ಕಟ್ಟುತ್ತಾಳೆ. ಬಟಾಣಿಯ ಕುಡಿ ಅದನ್ನು ಸುತ್ತಿಕೊಂಡು ಏರುತ್ತದೆ, ಹುಡುಗಿ ಎದ್ದು ಕುಳಿತುಕೊಳ್ಳುತ್ತಾಳೆ. ಆ ಒಂದು ಎಳೆ ಹುರಿಯೇ ನಗರದ ಬಡವಳ ನಿಲುಹಂದರ. ಕಥೆ ಅಚ್ಚಾದ ಮರುವರುಷವೇ, 1853ರ ಬೇಸಗೆಯಲ್ಲಿ, ಕಾಲರಾ ಬಂದು ಕೋಪನ್‌ಹೇಗನ್ ನಗರದಲ್ಲಿ ಸುಮಾರು 4,700 ಜನರನ್ನು ಕೊಂದಿತು. ಆಗ ವೈದ್ಯರ ಸಂಘದವರು ಕೋಟೆಯ ಹೊರಗೆ ಹಸುರಿನ ನಡುವೆ ತಗ್ಗಾದ ಮನೆಗಳ ಸಾಲುಗಳನ್ನು ಕಟ್ಟಿಸಿದರು. ಇವಕ್ಕೆ ನಕ್ಷೆ ಹಾಕಿದವನು ಥೋರ್ವಾಲ್ಡ್‌ಸನ್ ವಸ್ತುಸಂಗ್ರಹಾಲಯವನ್ನು ನಿರ್ಮಿಸಿದ ಬಿಂಡೆಸ್‌ಬೋಲ್. ‘ಬ್ರುಮ್ಲೆಬಿ’ ಎಂಬ ಹೆಸರಿನಿಂದ ಅದು ಇಂದಿಗೂ ಇದೆ. 1865ರಲ್ಲಿ ಕೆಲಸಗಾರರ ಗೃಹನಿರ್ಮಾಣ ಸಂಘ ಹುಟ್ಟಿತು. ಅದು 1873ರಿಂದ 1889ರವರೆಗೆ ಬೊಟ್ಗರ್ ಎಂಬ ಶಿಲ್ಪಿಯ ನಕ್ಷೆಯಂತೆ ಕಟ್ಟಿದ, ‘ಆಲೂಗಡ್ಡೆಯ ಸಾಲುಗಳು’ ಎಂದು ಜನರು ಕರೆಯುವ ಬೀದಿಗಳಲ್ಲಿ ಪ್ರತಿ ಮನೆಯ ಮುಂದೆಯೂ ಪುಟ್ಟ ಅಂಗಳತೋಟವಿದೆ. ಕೂಲಿಯವನ ಮುಂಗೋಡೆಯ ಬುಡಕ್ಕೆ ಮಣ್ಣು ದೊರೆತುದು ಇಲ್ಲಿ.

ಮೂರನೆಯ ಕಥೆ ‘ಹಳೆಯ ಮನೆ’. 1840ರ ದಶಕದ ಕೊನೆಯದು. ಆ ಮನೆಯ ತೊಲೆಯ ಮೇಲೆ ಕಟ್ಟಿದ ವರ್ಷವನ್ನು ಕೆತ್ತಿ, ಅದರೊಡನೆ ಟ್ಯುಲಿಪ್ ಹೂವುಗಳನ್ನೂ ಹಾಪ್ ಬಳ್ಳಿಯನ್ನೂ ಕೆತ್ತಿದ್ದಾರೆ. ಹಾಪ್ ಎಂಬುದು ಬಿಯರಿಗೆ ಹಾಕುವ ಕಾಯಿಯ ಬಳ್ಳಿ. ಹಿಂದೆ ಡ್ಯಾನಿಷ್ ರೈತರು ಅದನ್ನು ಕಂಬಗಳಿಗೆ ಹಬ್ಬಿಸಿ ಬೆಳೆಯುತ್ತಿದ್ದರು. ಕಥೆಯ ಕೊನೆಗೆ ಹಳೆಯ ಮನೆ ಕೆಡವಲ್ಪಡುತ್ತದೆ. ಆ ಸ್ಥಳದಲ್ಲಿ ಹೊಸ ಮನೆ, ಮುಂದೆ ಚಿಕ್ಕ ತೋಟ, ನೆರೆಯವರ ಗೋಡೆಯ ಮೇಲೆ ಏರುತ್ತಿರುವ ಕಾಡುದ್ರಾಕ್ಷಿಯ ಬಳ್ಳಿ. ಡ್ಯಾನಿಷ್ ಭಾಷೆಯಲ್ಲಿ ‘ರಂಕೆ’ ಎಂಬ ಒಂದೇ ಪದ ಬಳ್ಳಿಯ ಕುಡಿಗೂ ಸಲ್ಲುತ್ತದೆ, ಕೆತ್ತನೆಯ ಬಳ್ಳಿಗೂ ಸಲ್ಲುತ್ತದೆ. ನಮ್ಮ ಶಿಲ್ಪಿಗಳು ‘ಲತೆ’ ಎನ್ನುವಂತೆ. ಕಥೆಯ ಆದಿಯಲ್ಲಿ ಮರದಲ್ಲಿದ್ದ ರಂಕೆ ಅಂತ್ಯದಲ್ಲಿ ಇಟ್ಟಿಗೆಯ ಮೇಲೆ ಜೀವಂತವಾಗಿದೆ. ಆಂಡರ್ಸನ್ನನು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದನೋ ಇಲ್ಲವೋ, ಮರದ ಮನೆಯಿಂದ ಇಟ್ಟಿಗೆಯ ಮನೆಗೆ ನಗರವು ದಾಟಿದ ಕಾಲದ ಪರಿವರ್ತನೆ ಅಲ್ಲಿ ಕರಾರುವಾಕ್ಕಾಗಿ ದಾಖಲಾಗಿದೆ.

ಏಕೆಂದರೆ ಗಟ್ಟಿಯಾಗಿ ಸುಟ್ಟ ಇಟ್ಟಿಗೆಯ ಗೋಡೆಗೆ ಸುಣ್ಣ ಬೇಕಿಲ್ಲ. ಸುಣ್ಣವಿಲ್ಲದ ಮೇಲೆ ಹಂದರವೂ ಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಾವಾಗಿ ಅಂಟಿಕೊಳ್ಳುವ ಬಳ್ಳಿಗಳ ಕಾಲ ಬಂದಿತು. ಅಮೆರಿಕದ ಕಾಡುದ್ರಾಕ್ಷಿಗೆ ಡೇನರು ‘ವಿಲ್ಡ್‌ವಿನ್’ ಎಂದು ಹೆಸರಿಟ್ಟರು. ಅದರ ಕಾಯಿಯಿಂದ ದ್ರಾಕ್ಷಾರಸವೇನೂ ದೊರೆಯದು, ಶರತ್ಕಾಲದಲ್ಲಿ ಎಲೆ ಕೆಂಪಾಗುವುದೊಂದೇ ಅದರ ಫಲ. 1860ರ ದಶಕದಲ್ಲಿ ಯುರೋಪಿಗೆ ಬಂದ ಪೂರ್ವ ಏಷ್ಯದ ಅದರ ಸೋದರಿಗೆ ‘ರೋಧುಸ್‌ವಿನ್’, ಎಂದರೆ ಪುರಭವನದ ದ್ರಾಕ್ಷಿ, ಎಂಬ ನಾಮಕರಣವಾಯಿತು. ಬಳ್ಳಿಗಳು ಏರುವ ಬಗೆಗಳನ್ನು ಡಾರ್ವಿನ್ನನು 1865ರಲ್ಲಿ ವಿಂಗಡಿಸಿ ಬರೆದ ಪ್ರಬಂಧವೂ ಇದೇ ದಶಕದ್ದು. ಅಡಿಗೆಮನೆಯ ಗಿಡವಾಗಿ ಗೋಡೆಯನ್ನು ಸೇರಿದ ಬಳ್ಳಿ ಈಗ ಗೋಡೆಯನ್ನೇ ಮುಚ್ಚುವ ಹೊದಿಕೆಯಾಯಿತು. ಕೆಟ್ಟ ಶಿಲ್ಪವನ್ನು ಮರೆಮಾಡುವುದಕ್ಕೆ ಇದು ಅನೇಕರಿಗೆ ಅನುಕೂಲವಾಗಿಯೂ ಇದ್ದಿರಬೇಕು.

ನಿಲುಹಂದರವು ಮರಳಿ ಬಂದುದು ಇಪ್ಪತ್ತನೆಯ ಶತಮಾನದಲ್ಲಿ, ಈ ಸಾರಿ ವಾಸ್ತುಶಿಲ್ಪಿಗಳ ಕೈಯಿಂದ. 1909ರಲ್ಲಿ ಆರ್ಹುಸ್ ನಗರದಲ್ಲಿ ರಾಷ್ಟ್ರೀಯ ಪ್ರದರ್ಶನವೊಂದು ನಡೆಯಿತು. ಅಲ್ಲಿ ರೈಲುನಿಲ್ದಾಣದ ಸುತ್ತ ಬೆಳೆಯುವ ಹಳ್ಳಿಯು ಹೇಗಿರಬೇಕೆಂಬುದಕ್ಕೆ ಮಾದರಿಯ ಊರನ್ನೇ ಕಟ್ಟಿ ತೋರಿಸಿದರು. ಆ ಅಭಿಪ್ರಾಯಗಳಿಂದ 1915ರಲ್ಲಿ ‘ಬೆಡ್ರೆ ಬ್ಯುಗ್ಗೆಸ್ಕಿಕ್’, ಎಂದರೆ ಉತ್ತಮ ನಿರ್ಮಾಣ ಪದ್ಧತಿ, ಎಂಬ ಸಂಘ ಹುಟ್ಟಿ 1965ರವರೆಗೆ ಬಾಳಿತು. ಯೆನ್ಸೆನ್ ಕ್ಲಿಂಟ್, ಐವರ್ ಬೆಂಟ್ಸೆನ್ ಮೊದಲಾದವರು ಅದರ ಮುಂದಾಳುಗಳು. ಸಣ್ಣ ಮನೆ ಕಟ್ಟುವವನಿಗೂ ಒಳ್ಳೆಯ ನಕ್ಷೆ ಸಿಕ್ಕಬೇಕೆಂಬುದು ಅವರ ವ್ರತ. ಕೆಂಪು ಇಟ್ಟಿಗೆ, ಕಡಿದಾದ ಹೆಂಚಿನ ಮಾಡು, ಸಣ್ಣ ಗಾಜುಗಳ ಬಿಳಿಯ ಕಿಟಕಿಗಳು ಸಮಪ್ರಮಾಣದಲ್ಲಿ. ಅವುಗಳ ನಡುವೆ ರೀಪಿನ ಪಟ್ಟಿ. ಸುಣ್ಣದ ಗೋಡೆಯಲ್ಲಿ ಅಗತ್ಯವಾಗಿದ್ದುದು ಇಟ್ಟಿಗೆಯ ಗೋಡೆಯಲ್ಲಿ ಛಂದಸ್ಸಾಗಿ ಉಳಿಯಿತು. ಬಳ್ಳಿಯನ್ನು ಅದರ ಮಿತಿಯಲ್ಲಿರಿಸಿ ಗೋಡೆಯನ್ನು ಕಾಣಗೊಡುವ ಈ ರೀತಿಯನ್ನು ನಾನು ಹಿಂದಿನ ಹೊದಿಕೆಗಿಂತ ಮೇಲೆಂದು ಎಣಿಸುತ್ತೇನೆ.

ಆದರೆ ಮುಂದಿನ ತಲೆಮಾರು ಹಾಗೆ ಎಣಿಸಲಿಲ್ಲ. 1931ರ ಸ್ಪರ್ಧೆಯಲ್ಲಿ ಗೆದ್ದ ಕೈ ಫಿಸ್ಕರ್, ಸಿ. ಎಫ್. ಮೊಲ್ಲರ್, ಪೌಲ್ ಸ್ಟೆಗ್‌ಮನ್ ಎಂಬ ಮೂವರು ಆರ್ಹುಸ್ ವಿಶ್ವವಿದ್ಯಾನಿಲಯವನ್ನು ಹಳದಿ ಇಟ್ಟಿಗೆಯಿಂದ, ಯಾವ ಆಭರಣವೂ ಇಲ್ಲದೆ ಕಟ್ಟಿದರು; ಮೊದಲ ಕಟ್ಟಡ 1933ರಲ್ಲಿ ತೆರೆಯಿತು. ಉದ್ಯಾನವನ್ನು ರೂಪಿಸಿದ ಸಿ. ಥ. ಸೊರೆನ್ಸೆನ್ ಓಕ್ ಮರಗಳನ್ನು ಬೀಜದಿಂದಲೇ ಬೆಳೆಸಿದನು. ಗೋಡೆಗಳ ಮೇಲೆ ಐವಿಯನ್ನು ಹಂದರವಿಲ್ಲದೆ ಹತ್ತಿಸಿದರು. ಆಭರಣವನ್ನು ವರ್ಜಿಸಿದ ಶಿಲ್ಪವು ಬಳ್ಳಿಯನ್ನು ಮಾತ್ರ ಒಪ್ಪಿಕೊಂಡುದು ವಿಚಾರಯೋಗ್ಯವಾದ ಸಂಗತಿ. ಕೆತ್ತಿದ ರಂಕೆಯನ್ನು ಕಿತ್ತುಹಾಕಿದವರಿಗೂ ಬೆಳೆಯುವ ರಂಕೆ ಬೇಕಾಯಿತು.

ಹಳೆಯ ಮನೆಗಳನ್ನು ಉಳಿಸುವ ವಿಷಯದಲ್ಲಿ ಡೇನರು ಬಹಳ ಮುಂದೆ. 1897ರಲ್ಲಿ ಆರಂಭವಾದ ಬಯಲು ವಸ್ತುಸಂಗ್ರಹಾಲಯ ಈಗ ಕೋಪನ್‌ಹೇಗನ್ ಬಳಿಯ ಸೊರ್ಗೆನ್‌ಫ್ರಿಯಲ್ಲಿದೆ. ಆರ್ಹುಸ್ ನಗರದ ‘ಹಳೆಯ ಊರು’ 1914ರಲ್ಲಿ ತೆರೆಯಿತು, ಅದರ ಮೊದಲ ಮನೆಯಾದ 1597ರ ಪುರಾಧ್ಯಕ್ಷರ ಮನೆಯನ್ನು ಮೊದಲು ಮರುಕಟ್ಟಿದುದು ಮೇಲೆ ಹೇಳಿದ 1909ರ ಪ್ರದರ್ಶನದಲ್ಲಿಯೇ. ಇಂತಹ ಮನೆಗಳನ್ನು ತೊಲೆತೊಲೆಯಾಗಿ ಬಿಚ್ಚಿ ಗುರುತು ಹಾಕಿ ಸಾಗಿಸಬಹುದು. ಬಳ್ಳಿಯನ್ನು ಹಾಗೆ ಸಾಗಿಸಲಾಗದು, ಅದನ್ನು ಹೊಸದಾಗಿ ನೆಡಬೇಕು. ಹಾಗೆ ನೆಡುವಾಗ ಚಿತ್ರಕಾರರ ಬೇಸಗೆಯನ್ನು ನೆಡುವ ಪ್ರಲೋಭನೆ ಸಹಜ. ಅದನ್ನು ತಡೆಯುವ ಸಾಕ್ಷ್ಯ ಗೋಡೆಯಲ್ಲಿಯೇ ಉಂಟು: ತುಕ್ಕು ಹಿಡಿದ ಕೊಕ್ಕೆ, ಸಂದುಗಾರೆಯಲ್ಲಿ ಹೂತ ಮರದ ಬೆಣೆ, ತೊಲೆಯ ಮೇಲಿನ ಮೊಳೆಯ ತೂತು, ಐವಿಯ ಬೇರು ಅಂಟಿದ ಕಪ್ಪು ಕಲೆ. ಕೊಕ್ಕೆಗಳ ಎತ್ತರವನ್ನೂ ಅವುಗಳ ನಡುವಣ ಅಂತರವನ್ನೂ ಅಳೆದರೆ ಹಂದರದ ಆಕಾರ ತಿಳಿಯುತ್ತದೆ. ಗೋಡೆಯ ದಿಕ್ಕನ್ನು ನೋಡಿದರೆ ಹಣ್ಣಿಗೋ ಹೂವಿಗೋ ಎಂಬುದನ್ನು ಊಹಿಸಬಹುದು. ಹಳೆಯ ಗೋಡೆಯನ್ನು ರಿಪೇರಿ ಮಾಡುವ ಗಾರೆಯವನು ಮೊದಲು ಕಿತ್ತು ಸಮಮಾಡುವುದು ಇವುಗಳನ್ನೇ; ಆದುದರಿಂದ ಮನೆಯ ನಕ್ಷೆಯನ್ನು ತೆಗೆಯುವವರು ಕಿಟಕಿಬಾಗಿಲುಗಳೊಡನೆ ಇವನ್ನೂ ಅವನು ಬರುವುದಕ್ಕೆ ಮುಂಚೆ ಗುರುತಿಸಿಕೊಳ್ಳತಕ್ಕದ್ದು.