ಗುಬ್ಬಿಯಪ್ಪನ ಹಿಂದೆ ನಡೆದರೆ ಪೇಟೆ ಕಾಣುತ್ತದೆ

ಹೋದ ಸಲದ ಜಾತ್ರೆಗೆ ಬಂದ ನನ್ನ ತಂಗಿಯ ಮೊಮ್ಮಗ ಗುಬ್ಬಿ ಸ್ಟೇಷನ್ನಿನಲ್ಲಿ ಇಳಿದವನೇ ಕೇಳಿದ, "ಅಜ್ಜಿ, ಈ ಊರಲ್ಲಿ ನೋಡೋಕೆ ಏನಿದೆ?" ಹುಡುಗ ಮೈಸೂರಿನವನು. ದಸರೆಯ ಪಾರಂಪರಿಕ ನಡಿಗೆಯಲ್ಲಿ ಓಡಾಡಿದವನು. ದೊಡ್ಡ ಗಡಿಯಾರ, ಪುರಭವನ, ದೇವರಾಜ ಮಾರುಕಟ್ಟೆ ಎಲ್ಲವೂ ಅವನಿಗೆ ಬಾಯಿಪಾಠ. ಗುಬ್ಬಿಯಲ್ಲಿ ಅರಮನೆ ಇಲ್ಲ, ಗಡಿಯಾರದ ಗೋಪುರವೂ ಇಲ್ಲ. "ನೋಡೋದಕ್ಕಿಂತ ನಡೆಯೋದಿದೆ, ಬಾ" ಎಂದೆ.

ಜಾತ್ರೆಗೆ ಮನೆಗೆ ಬಂದ ಮಕ್ಕಳನ್ನು ಕಟ್ಟಿಕೊಂಡು ಪೇಟೆ ಸುತ್ತುವುದು ನನ್ನ ಹಳೆಯ ರೂಢಿ. ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಶುರು ಮಾಡಿದೆ, ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಸ್ಟೇಷನ್ನಿನಿಂದ ಹೊರಟು, ಪೇಟೆ ಹಾದು, ದೇವಸ್ಥಾನ ಮುಟ್ಟಿ, ಸಂಜೆ ಉತ್ಸವದ ಹಿಂದೆ ಹೋಗುವುದು. ನಡುವೆ ಎರಡು ಕಡೆ ಪಾನಕ, ಒಂದು ಕಡೆ ಕೋಸಂಬರಿ.

ಸ್ಟೇಷನ್ನಿನ ಹೊರಗೆ ನಿಂತು ಮೊದಲು ಬಿ.ಎಚ್. ರಸ್ತೆಯ ಮಾತು ಹೇಳುತ್ತೇನೆ. ಬೆಂಗಳೂರು–ಹೊನ್ನಾವರ ರಸ್ತೆ ಇದು. ಪೂರ್ವಕ್ಕೆ ಇಪ್ಪತ್ತು ಕಿಲೋಮೀಟರ್ ಹೋದರೆ ತುಮಕೂರು, ಪಶ್ಚಿಮಕ್ಕೆ ಹೋದರೆ ತಿಪಟೂರು, ಅರಸೀಕೆರೆ, ಶಿವಮೊಗ್ಗ ದಾಟಿ ಘಟ್ಟ. ಡಾಂಬರು ಬರುವ ಎಷ್ಟೋ ಕಾಲ ಮುಂಚೆ ಈ ದಿಕ್ಕಿನಲ್ಲೇ ಹೇರೆತ್ತುಗಳ ಸಾಲು ಬರುತ್ತಿತ್ತು. ಮಲೆನಾಡಿನ ಅಡಿಕೆ ಗುಬ್ಬಿಗೆ ಬಂದು ಇಳಿಯುತ್ತಿತ್ತು. ಇಲ್ಲಿಂದ ಅದನ್ನು ಕೊಂಡು ಕೆಳಗೆ ಸಾಗಿಸುತ್ತಿದ್ದವರು ಆರ್ಕಾಟಿನ ಕಡೆಯ ವಾಲಾಜಾಪೇಟೆಯ ವ್ಯಾಪಾರಿಗಳು. ಬೆಳೆದವನೂ ತಿನ್ನುವವನೂ ಮುಖ ನೋಡಿಕೊಳ್ಳದ ವ್ಯಾಪಾರ ಅದು. ಇಬ್ಬರ ನಡುವೆ ನಂಬಿಕೆ ಹಿಡಿದು ಕೂತಿದ್ದ ಊರು ಗುಬ್ಬಿ.

ಪೇಟೆ ಬೀದಿಗೆ ತಿರುಗುವಾಗ ಮಕ್ಕಳಿಗೆ ಎರಡು ಅಂಕಿ ಕೊಡುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದುಕೊಂಡ. ಅವನ ದಿನಚರಿ 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಅದರಲ್ಲಿ ಗುಬ್ಬಿಗೆ 360 ಮನೆ, 154 ಅಂಗಡಿ. ಮನೆಗಳು ತೀರ ಬಡವು, ಆದರೆ ಅಂಗಡಿಗಳ ಒಳಗಿನ ಮಾಲಿಗೆ ಬೆಲೆ ಹೆಚ್ಚು ಎಂಬುದು ಅವನ ಮಾತಿನ ಸಾರ. ಲೆಕ್ಕ ಹಾಕಿ ಎಂದರೆ ಮಕ್ಕಳು ಬೆರಳು ಮಡಚುತ್ತಾರೆ: ಹೆಚ್ಚುಕಡಿಮೆ ಎರಡೆರಡು ಮನೆಗೆ ಒಂದೊಂದು ಅಂಗಡಿ! ಬರೀ ಊರವರಿಗಾಗಿ ಯಾರೂ ಅಷ್ಟು ಅಂಗಡಿ ಇಡುವುದಿಲ್ಲ. ಹೊರಗಿನವರು ಬರುತ್ತಾರೆ, ತಂಗುತ್ತಾರೆ, ಕೊಳ್ಳುತ್ತಾರೆ ಎಂಬ ಭರವಸೆಯಲ್ಲಿ ಕಟ್ಟಿದ ಪೇಟೆ ಇದು.

ಊರಿಗೆ ಬುನಾದಿ ಹಾಕಿದವರು ಹತ್ತಿರದ ಹೊಸಹಳ್ಳಿಯ ಗೌಡರು, ಅಮರಗೊಂಡ ನಾಡಪ್ರಭುಗಳೆಂದು ಹೆಸರಾದ ನೊಣಬ ಒಕ್ಕಲಿಗರ ಮನೆತನ ಎಂಬುದು ಹಳೆಯ ಹೇಳಿಕೆ. ಮೈಸೂರು ಒಡೆಯರಿಗೆ ಅವರು ಪೊಗದಿ ಕಟ್ಟಿದರು. ಹೈದರನ ಕಾಲದಲ್ಲಿ ಪೊಗದಿ ಏರಿತು, ಟಿಪ್ಪುವಿನ ಕಾಲಕ್ಕೆ ಪಾಳೆಯವೇ ಹೋಯಿತು. ಪಾಳೆಯಗಾರರು ಹೋದರೂ ವಾರದ ಸಂತೆ ಹೋಗಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ನೆಯ್ದ ಒರಟು ಬಟ್ಟೆ, ಕಂಬಳಿ, ಗೋಣಿ, ತೆಂಗು, ಬೆಲ್ಲ, ಹುಣಸೆ, ಮೆಣಸಿನಕಾಯಿ, ಅರಗು, ಕಬ್ಬಿಣ, ಉಕ್ಕು ಬುಕಾನನ್ ಕಂಡ ಸಂತೆಯಲ್ಲಿ ಮಾರಾಟಕ್ಕಿದ್ದವು. ಈ ಪಟ್ಟಿಯನ್ನು ನಾನು ಬೀದಿಯಲ್ಲೇ ನಿಂತು ಓದುವುದು. ಎದುರಿಗೇ ಹುಣಸೆ, ಬೆಲ್ಲ, ಕೊಬ್ಬರಿ ಹರಡಿಕೊಂಡು ಕೂತ ಅಂಗಡಿಯವರು ತಲೆಯೆತ್ತಿ ಕೇಳಿಸಿಕೊಳ್ಳುತ್ತಾರೆ. ಹೋದ ಸಲ ಒಬ್ಬ ಅಜ್ಜಿ, "ಇನ್ನೊಂದ್ಸಲ ಓದವ್ವ" ಅಂದರು.

ಮಂಡಿಯ ಮುಂದೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಮ್ಮಪ್ಪ ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದರು. ಅಡಿಕೆ ಚೀಲದ ಬಾಯಿ ಬಿಚ್ಚಿದರೆ ಅವರು ಮೊದಲು ಕಣ್ಣು ಹಾಕುತ್ತಿರಲಿಲ್ಲ, ಕಿವಿ ಕೊಡುತ್ತಿದ್ದರು. ಒಂದು ಹಿಡಿ ಎತ್ತಿ ಈ ಅಂಗೈಯಿಂದ ಆ ಅಂಗೈಗೆ ಸುರಿಯುತ್ತಿದ್ದರು. ಚೆನ್ನಾಗಿ ಬೆಂದು, ಚೊಗರು ಹಿಡಿದು, ಒಣಗಿದ ಅಡಿಕೆ ಕಲ್ಲಿನ ಹಾಗೆ ಕಣಕಣ ಅನ್ನುತ್ತದೆ. ಒಳಗೆ ಹಸಿ ಉಳಿದಿದ್ದರೆ ಸದ್ದು ಮೆತ್ತಗೆ. ಆಮೇಲೆ ಒಂದನ್ನು ಹೋಳು ಮಾಡಿ ಒಳಗಿನ ಬಣ್ಣ ನೋಡುವುದು. ಕೊಬ್ಬರಿಗೂ ಹಾಗೆಯೇ. ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿಟ್ಟ ಕಾಯಿಯಲ್ಲಿ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಒಳಗೇ ಉಂಡೆಯಾಗಿ ಸಡಿಲಾಗುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಅದೇ ಗಿಟಕು. ನನ್ನ ಕಿವಿಯ ಹತ್ತಿರ ಕಾಯಿ ಹಿಡಿದು ಅಪ್ಪ, "ಕೇಳಿಸ್ತಾ ಅಮ್ಮಣ್ಣಿ? ಈಗ ಮಾಗೈತೆ" ಅನ್ನುತ್ತಿದ್ದರು. ನಾನೂ ಮಕ್ಕಳ ಕಿವಿಗೆ ಒಂದೊಂದು ಕಾಯಿ ಹಿಡಿಯುತ್ತೇನೆ. ಇನ್ನೂರು ವರ್ಷದ ವ್ಯಾಪಾರವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಅದು ಬೇಗ ನಾಟುತ್ತದೆ.

ಮತ್ತೆ ರೈಲಿನ ಮಾತಿಗೆ ಬರಬೇಕು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. 1889ರ ಹೊತ್ತಿಗೆ ಹಳಿ ಹರಿಹರ ಮುಟ್ಟಿತ್ತು. ಮೂಟೆ ರೈಲು ಹತ್ತಿದ ಮೇಲೆ ಹೇರೆತ್ತು ಹೊಡೆಯುವವನಿಗೆ ಇಲ್ಲಿ ಹೊರೆ ಇಳಿಸಿ ತಂಗುವ ಅಗತ್ಯ ಎಲ್ಲಿ? ಮಾಲನ್ನು ತಡೆದು, ತೂಗಿ, ಬೇರೆ ಕೈಗೆ ದಾಟಿಸಿ ಬದುಕುವ ಊರಿಗೆ ಇಂಥ ಬದಲಾವಣೆ ಮೈ ಕೊಡವುವಂಥದು. ಆದರೆ ಅದೇ 1884ರಲ್ಲಿ ಗುಬ್ಬಿಯಿಂದ ಹೊರಕ್ಕೆ ನಡೆಯುವ ಇನ್ನೊಂದು ಸರಕು ಹುಟ್ಟಿತು. ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮತ್ತು ಗೆಳೆಯರು ಕೂಡಿ ಒಂದು ನಾಟಕ ಮಂಡಳಿ ಕಟ್ಟಿದರು. ಅದಕ್ಕಿಟ್ಟದ್ದು ಊರ ದೇವರ ಹೆಸರು: ಶ್ರೀ ಚನ್ನಬಸವೇಶ್ವರ. ಹಿಂದೂ ಮುಸ್ಲಿಂ ಗೆಳೆಯರು ಕೂಡಿ ಒಂದೇ ದೇವರ ಹೆಸರನ್ನು ನೆತ್ತಿಯ ಮೇಲಿಟ್ಟುಕೊಂಡು ಹೊರಟರು. ಸಂತೆಯಲ್ಲಿ ಜೊತೆಯಾಗಿ ಕೂತು ಬಲ್ಲವರಿಗೆ ಅದು ವಿಶೇಷ ಅನ್ನಿಸಿರಲಾರದು.

1891ರಲ್ಲಿ ಹುಟ್ಟಿದ ವೀರಣ್ಣನವರು ಚಿಕ್ಕ ಹುಡುಗನಾಗಿದ್ದಾಗಲೇ ಆ ಕಂಪನಿ ಸೇರಿದರು. 1917ರಲ್ಲಿ ಅದರ ಹೊಣೆ ಅವರ ಕೈಗೆ ಬಂತು. 'ಸದಾರಮೆ'ಯ ಕಳ್ಳನಾಗಿ ಜನರನ್ನು ನಗಿಸಿದ ಅವರೇ 1934ರಲ್ಲಿ 'ಕುರುಕ್ಷೇತ್ರ'ಕ್ಕೆ ಜೀವಂತ ಆನೆ ಕುದುರೆಗಳನ್ನು ರಂಗಕ್ಕೆ ತಂದರು. ರಾಜ್‌ಕುಮಾರ್, ಬಿ. ಜಯಮ್ಮ, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲರೂ ಆ ಡೇರೆಯ ನೆರಳಲ್ಲಿ ಬಣ್ಣ ಹಚ್ಚಿದವರು. 1972ರಲ್ಲಿ ವೀರಣ್ಣನವರು ತೀರಿಕೊಂಡರು. ಇವತ್ತು ತುಮಕೂರಿನ ಕಲಾಕ್ಷೇತ್ರಕ್ಕೂ, ಸರ್ಕಾರ ಕೊಡುವ ರಂಗಪ್ರಶಸ್ತಿಗೂ ಅವರದೇ ಹೆಸರು. ಊರೂರು ಸುತ್ತಿ, ಡೇರೆ ಹೊಡೆದು, ಜನ ಸೇರಿಸಿ, ಮೂಟೆ ಕಟ್ಟಿ ಮುಂದಿನ ಊರಿಗೆ ಹೋಗುವ ಬದುಕು ಅದು. ಹೇರೆತ್ತು ಹೊಡೆಯುವವನ ಜಾಡನ್ನೇ ನಾಟಕದವರು ಹಿಡಿದರು ಎಂದು ನನಗೆ ಯಾವತ್ತೂ ಅನ್ನಿಸುತ್ತದೆ. ಗುಬ್ಬಿಗೆ ಹೊರಗಿನವರನ್ನು ಬರಮಾಡಿಕೊಳ್ಳುವುದೂ ಗೊತ್ತಿತ್ತು, ತಾನೇ ಹೊರಗೆ ಹೋಗುವುದೂ ಗೊತ್ತಿತ್ತು.

ದೇವಸ್ಥಾನದ ಅಂಗಳಕ್ಕೆ ಬಂದಾಗ ಮಕ್ಕಳು ಸುಸ್ತಾಗಿರುತ್ತಾರೆ. ಕೂರಿಸಿ, ಗೋಸಲ ಚನ್ನಬಸವೇಶ್ವರರ ಕಥೆ ಹೇಳುತ್ತೇನೆ. ನಮಗೆ ಅವರು ಗುಬ್ಬಿಯಪ್ಪ. ಅವರ ಶಿಷ್ಯರು ತೋಂಟದ ಸಿದ್ಧಲಿಂಗರು. ಕುಣಿಗಲ್ ಸೀಮೆಯ ಕಗ್ಗೆರೆಯಲ್ಲಿ, ನಾಗಿನಿ ಹೊಳೆಯ ಪಕ್ಕದ ತೋಟದಲ್ಲಿ ತಪಸ್ಸಿಗೆ ಕೂತದ್ದರಿಂದ ಆ ಹೆಸರು ಬಂತು. ಅವರು ಐಕ್ಯರಾದದ್ದು ಯಡಿಯೂರಿನಲ್ಲಿ. ಗುರು ಗುಬ್ಬಿಯಲ್ಲಿ, ಶಿಷ್ಯ ಕುಣಿಗಲ್ಲಿನಲ್ಲಿ. ನಮ್ಮಜ್ಜಿಯ ಕಾಲದವರು ಎರಡೂ ಕಡೆಗೆ ಬುತ್ತಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲೇ ಹೋಗಿಬರುತ್ತಿದ್ದರು. 1513ರಲ್ಲಿ 'ಭಾವಚಿಂತಾರತ್ನ', 1530ರಲ್ಲಿ 'ವೀರಶೈವಾಮೃತ ಪುರಾಣ' ಬರೆದ ಮಲ್ಲಣಾರ್ಯನೂ ಗುಬ್ಬಿಯವನೇ. ಅಡಿಕೆ ಮೂಟೆಯ ದಾರಿಯಲ್ಲೇ ಕಾವ್ಯವೂ ವಚನವೂ ಓಡಾಡಿದವು ಎಂದರೆ ಮಕ್ಕಳಿಗೆ ಅಚ್ಚರಿ. ದಾರಿ ಇದ್ದದ್ದು ಅದೊಂದೇ ತಾನೆ?

ಸಂಜೆ ಉತ್ಸವ ಹೊರಟಾಗ ನನ್ನ ಕೆಲಸ ಮುಗಿಯುತ್ತದೆ. ಅಲ್ಲಿಂದ ಮುಂದೆ ಊರು ತೋರಿಸುವವರು ಗುಬ್ಬಿಯಪ್ಪನೇ. ಮೈಸೂರಿನ ಪಾರಂಪರಿಕ ನಡಿಗೆಗೆ ಕೆಲವು ವರ್ಷಗಳ ವಯಸ್ಸು. ದೇವರ ಉತ್ಸವವಾದರೋ ಎಷ್ಟೋ ತಲೆಮಾರಿನಿಂದ ಇದೇ ಬೀದಿಗಳಲ್ಲಿ ಜನರನ್ನು ಕರೆದುಕೊಂಡು ನಡೆದಿದೆ. ಯಾವ ಮನೆಯ ಮುಂದೆ ಆರತಿ, ಯಾವ ತಿರುವಿನಲ್ಲಿ ನಿಲುಗಡೆ, ಯಾವ ಕೋಮಿನವರದು ಯಾವ ಸೇವೆ, ಎಲ್ಲಕ್ಕೂ ಕಟ್ಟಳೆ ಇದೆ. ಹದಿನೆಂಟು ಕೋಮಿನವರು ಕೂಡಿದರೇ ಜಾತ್ರೆ. ಹೂವಿನ ವಾಹನದ ಹಿಂದೆ ಒಂದು ಸುತ್ತು ಬಂದವನಿಗೆ ಈ ಪೇಟೆಯಲ್ಲಿ ಯಾರು ಯಾರಿಗೆ ಬೇಕಾದವರು ಎಂಬುದು ತಾನಾಗಿ ತಿಳಿಯುತ್ತದೆ. ಅದನ್ನು ಯಾವ ದಾಖಲೆಯೂ ಬರೆದಿಟ್ಟಿಲ್ಲ. ಕಾಲುಗಳು ನೆನಪಿಟ್ಟುಕೊಂಡಿವೆ. ಅದಕ್ಕೇ ನನಗೆ ಈ ನಡಿಗೆಯ ಮೇಲೆ ಇಷ್ಟು ಹಂಬಲ. ಒಂದು ತಲೆಮಾರು ಕಾರಿನಲ್ಲೇ ಬಂದು ಕೈಮುಗಿದು ಹೋದರೆ ಆ ನೆನಪು ಅಲ್ಲಿಗೆ ಕಡಿಯುತ್ತದೆ.

ಹೋದ ಸಲ ಆ ರಾತ್ರಿ ಮೈಸೂರಿನ ಹುಡುಗ ನನ್ನ ಕೈ ಬಿಡಿಸಿಕೊಂಡು ಮುಂದೆ ಮುಂದೆ ಹೋಗುತ್ತಿದ್ದ. ಏನೋ ಗುನುಗುತ್ತಿದ್ದಾನೆ ಅಂದುಕೊಂಡೆ. ಹತ್ತಿರ ಹೋದಾಗ ಗೊತ್ತಾಯಿತು, ಎಣಿಸುತ್ತಿದ್ದ. ಬಳೆ ಅಂಗಡಿ, ಬತ್ತಾಸಿನ ಅಂಗಡಿ, ಕಡಲೆಪುರಿ ಗುಡ್ಡೆ ಹಾಕಿಕೊಂಡವರು, ಯಾವುದನ್ನೂ ಬಿಡಲಿಲ್ಲ. ತಿರುವಿನಲ್ಲಿ ವಾಹನ ನಿಂತಿತು, ಮಂಗಳಾರತಿಯ ಬೆಳಕು ಅವನ ಮುಖದ ಮೇಲೆ ಬಿತ್ತು. ಹಿಂದೆ ತಿರುಗಿ ಕೂಗಿದ:

"ಅಜ್ಜಿ, ನೂರೈವತ್ತನಾಲ್ಕು ಆಗೋಯ್ತು! ಇನ್ನೂ ಬೀದಿ ಮುಗಿದಿಲ್ಲ!"